ನಡುವೆ ಜಾಗ ಬಿಡದೆ

ಹೆಸರಿಗೂ ಬಾಡಿಗೆ ಇರುತ್ತದೆಂದು
ಎರಡು ಸಾವಿರದ ಒಂಬತ್ತರವರೆಗೆ ನನಗೆ ಗೊತ್ತಿರಲಿಲ್ಲ.
ದುರ್ಗಿಗುಡಿಯಲ್ಲಿ ಅಪ್ಪ ಬರೆಸಿದ ಬೋರ್ಡು
ಪುಕ್ಕಟೆ ನಿಂತಿತ್ತು, ಹಸಿರು ಪೇಂಟಿನಲ್ಲಿ:
ಸಿಕ್ವೇರಾ ಸ್ಪೇರ್ಸ್.
ಕೆಳಗೆ ಸಣ್ಣಕ್ಷರ, ಕುಕ್ಕರ್ ಮಿಕ್ಸಿ ಸ್ಟೌವ್.

ಸೈಬರ್ ಕೆಫೆಯ ಯೋಗೀಂದ್ರ ಬಂದು ಹೇಳಿದ:
ಜಸಿಂತಕ್ಕ, ನಿಮ್ಮ ಹೆಸರು ಇನ್ನೂ ಖಾಲಿ ಇದೆ,
ಬೇರೆಯವರು ಹಿಡಿಯೋ ಮುಂಚೆ ಹಿಡೀರಿ.
ಬಸ್ಸಿನ ಸೀಟಿಗೆ ಕಿಟಕಿಯಿಂದ ಕರ್ಚೀಫು ಎಸೆದ ಹಾಗೆ
ಅವನೇ ಹಿಡಿದ. ನನಗೆ ಈಮೇಲಿರಲಿಲ್ಲ.
ಅವನ ಈಮೇಲು, ಅವನ ಸಹಿ, ನನ್ನ ಐನೂರು ರೂಪಾಯಿ.
ಸಿಕ್ವೇರಾಸ್ಪೇರ್ಸ್, ಒಂದೇ ಉಸಿರಿಗೆ.
ನಡುವೆ ಜಾಗ ಯಾಕಿಲ್ಲ ಎಂದೆ.
ಅಲ್ಲಿ ಜಾಗ ಬಿಡೋ ಹಾಗಿಲ್ಲ ಅಕ್ಕಾ, ಅಂದ.

ಐನೂರು ಒಂಬೈನೂರಾಯಿತು, ಆಮೇಲೆ ಸಾವಿರದ ನಾನೂರು.
ಈ ಸಲದ ಬಿಲ್ಲು ಎರಡು ಸಾವಿರದ ಇನ್ನೂರು,
ಅದರಲ್ಲಿ ನಾನು ಕೇಳದೇ ಇದ್ದ ಯಾವುದೋ ರಕ್ಷಾಕವಚವೂ ಸೇರಿ.
ಒಂದು ಗ್ಯಾಸ್ಕೆಟ್ ಮಾರಿದರೆ ನನಗೆ ಉಳಿಯೋದು ಹನ್ನೊಂದು ರೂಪಾಯಿ.
ಪಕ್ಕದ ಕನ್ನಡಕದಂಗಡಿಯ ಅಸ್ಮಾ ಲೆಕ್ಕ ಹಾಕಿ ಹೇಳಿದಳು:
ಬೇರೆ ಕಂಪನಿಗೆ ಹೋಗಿ, ಅರ್ಧಕ್ಕರ್ಧ. ಹೆಸರು ಅದೇ ಇರುತ್ತೆ.

ಹೋಗೋದೆಂದರೆ ಟಿ.ಸಿ. ತೆಗೆಸಿದ ಹಾಗೆ.
ಹಳೇ ಶಾಲೆ ಕೊಡದೆ ಹೊಸ ಶಾಲೆ ಸೇರಿಸಿಕೊಳ್ಳುವುದಿಲ್ಲ.
ಇಷ್ಟು ವರ್ಷ ಒಮ್ಮೆಯೂ ಮಾತಾಡಿಸದವರು
ಈಗ ಕೇಳುತ್ತಾರೆ, ಯಾಕೆ ಹೋಗ್ತಿದ್ದೀರಿ, ಖಂಡಿತಾನಾ,
ಇನ್ನೊಮ್ಮೆ ಯೋಚಿಸಿ.
ಯೋಚಿಸಿದೆ, ಬೀಗ ತೆಗೆಯಿರಿ ಎಂದೆ.
ಕೀಲಿ ಕಳಿಸಿದ್ದೇವೆ ಎಂದರು.
ಕಳಿಸಿದ್ದು ಯೋಗೀಂದ್ರನಿಗೆ.

ಕೆಫೆ ಇದ್ದಲ್ಲಿ ಈಗ ಪಾನಿಪುರಿ.
ಅವನು ಭದ್ರಾವತಿಯಲ್ಲಿ ಶಾಲೆಯ ವ್ಯಾನು ಓಡಿಸುತ್ತಾನಂತೆ.
ಅಂಗಡಿಯನ್ನು ಅಸ್ಮಾಳ ಕಣ್ಣಿಗೆ ಬಿಟ್ಟು ಬಸ್ಸು ಹತ್ತಿದೆ.
ಹಳೇನಗರದ ಗೇಟಿನೆದುರು ಹಳದಿ ವ್ಯಾನಿನಲ್ಲಿ
ಸೀಟು ಬಾಗಿಸಿ ಮಲಗಿದ್ದ. ಮೀಸೆ ನರೆತಿತ್ತು.
ಆ ಈಮೇಲಾ ಅಕ್ಕಾ, ಅದನ್ನು ತೆರೆದು ಯಾವ ಕಾಲವಾಯ್ತು.

ಪಾಸ್‌ವರ್ಡು ಮೂರು ಸಲ ತಪ್ಪಿತು.
ಆಮೇಲೆ ಮೊಬೈಲೇ ಅವನನ್ನು ಕೇಳಿತು:
ನಿಮಗೆ ತುಂಬಾ ಇಷ್ಟವಾದವರು ಯಾರು?
ಅವನು ಫೋನನ್ನು ಆಚೆ ತಿರುಗಿಸಿಕೊಂಡು
ಒಂದೇ ಹೆಬ್ಬೆರಳಲ್ಲಿ ಏನೋ ಬರೆದ. ಒಳಗೆ ಬಿಟ್ಟಿತು.
ಏನೆಂದು ನಾನು ಕೇಳಲಿಲ್ಲ.
ವ್ಯಾನಿನ ಕನ್ನಡಿಯಲ್ಲಿ ಅವನ ಕಿವಿ ಕೆಂಪಗಿತ್ತು.

ಹದಿನಾರು ಅಕ್ಷರ, ಅರ್ಥವಿಲ್ಲದ್ದು.
ಗ್ಯಾಸ್ಕೆಟ್ಟಿನ ರಟ್ಟಿನ ಹಿಂದೆ ಬರೆದುಕೊಂಡೆ.
ಇದು ಸೊನ್ನೆಯಾ, ಓ ನಾ?
ಓ ಅಕ್ಕಾ.
ಇಲ್ಲ ಇಲ್ಲ, ಸೊನ್ನೆ.

ಹೊರಡುವಾಗ ಕರೆದ. ಅಕ್ಕಾ, ಇಲ್ಲಿ ನಿಮ್ಮವೂ ಇವೆ.
ವೆಬ್‌ಸೈಟಿನಲ್ಲಿ ಯಾರು ಏನು ಬರೆದರೂ
ಇಷ್ಟು ವರ್ಷವೂ ಅವನಿಗೇ ಹೋಗುತ್ತಿತ್ತು.
ಮುನ್ನೂರ ಹನ್ನೆರಡು. ಯಾರೂ ಒಡೆಯದ ಲಕೋಟೆಗಳು.
ಅಂಗಡಿಗೆ ಫೋನು ಬರುತ್ತಿತ್ತು, ಅಷ್ಟೇ ಜನ ಎಂದುಕೊಂಡಿದ್ದೆ ನಾನು.
ಹೊಸನಗರದಿಂದ ಶಾರ್ವರಿ ಎನ್ನುವವರು, ಎರಡು ಸಾವಿರದ ಹದಿನಾರು:
ಅಮ್ಮನ ಕಾಲದ ಐದು ಲೀಟರಿನ ಕುಕ್ಕರು, ಹಿಡಿ ಸುಟ್ಟಿದೆ,
ಹೊಸದು ಕೊಳ್ಳಿ ಅಂತಾರೆ ಎಲ್ಲರೂ.
ನಿಮ್ಮಲ್ಲಿ ಇಲ್ಲದಿದ್ದರೆ ಎಲ್ಲಿ ಸಿಗುತ್ತೆ ಅಂತಾದರೂ ತಿಳಿಸಿ.
ಆಗಲೇ ಗಂಟೆ ಹೊಡೆಯಿತು, ಮಕ್ಕಳು ವ್ಯಾನಿಗೆ ನುಗ್ಗಿದರು.

ಐದು ದಿನ ಕಾಯಬೇಕು ಎಂದರು ಹೊಸ ಕಂಪನಿಯವರು.
ಈ ಐದು ದಿನ ಹೆಸರು ಎಲ್ಲಿರುತ್ತೆ ಅಸ್ಮಾ?
ಇದ್ದಲ್ಲೇ ಇರುತ್ತೆ, ಅಂದಳು ಗಾಜು ಒರೆಸುತ್ತಾ.
ತೀರ್ಥಹಳ್ಳಿಯವರೊಬ್ಬರು ಎರಡು ವಿಸಿಲ್ ಕೇಳಿದರು.
ಯಾರಿಗೂ ಏನೂ ಗೊತ್ತಾಗಲಿಲ್ಲ.

ಆರನೇ ದಿನ ನನ್ನದೇ ಈಮೇಲಿಗೆ ಪತ್ರ:
ಒಡೆತನ, ಜಸಿಂತಾ ಸಿಕ್ವೇರಾ.
ಇಲ್ಲಿ ನಡುವೆ ಜಾಗ ಬಿಟ್ಟಿದ್ದರು.

ಅಟ್ಟದ ಡಬ್ಬಿ ಇಳಿಸಿ ಹುಡುಕಿದೆ.
ಮೊದಲ ಪತ್ರ ಹೊಸನಗರಕ್ಕೆ ಬರೆದೆ:
ಹಿಡಿ ಇದೆ. ಸ್ಕ್ರೂ ಎರಡು ಬೇಕು, ಅವೂ ಇವೆ.
ಕುಕ್ಕರು ಇದೆಯಾ?